ಬೆಲ್ಟಿಲ್ಲದೆ ಗೆದ್ದವನ ಅಕ್ಕ

ನಮ್ಮ ಲಾಂಡ್ರಿಯ ಎದುರಿಗೆ ಒಂದು ಟೀ ಅಂಗಡಿ ಇದೆ. ಅಲ್ಲಿ ನಿಂತು ಟೀ ಕುಡಿಯುವ ಗಂಡಸರಿಗೆ ಆ ವರ್ಷವೆಲ್ಲ ಒಂದೇ ಚರ್ಚೆ: ನಮ್ಮೂರಿನ ಫೈಟರ್ ಬುಲ್ಡೋಜರ್‌ಗೆ ಇನ್ನೊಂದು ಟೈಟಲ್ ಫೈಟ್ ಕೊಡಬೇಕೋ ಬೇಡವೋ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸಲು ಹೆಂಡತಿಯನ್ನು ಕರೆಯುವ ಮಹಾನುಭಾವರೆಲ್ಲ ಅಲ್ಲಿ ನಿಂತು, ಅವನ ಎಡಗೈ ನಿಧಾನ, ಅವನಿಗೆ ಶಿಸ್ತಿಲ್ಲ, ಬಾಯಿ ಕಟ್ಟಲಾರದವನಿಗೆ ಬೆಲ್ಟ್ ಯಾಕೆ ಎಂದು ತೀರ್ಪು ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಬಿಸಿ ಆರುವ ಮೊದಲೇ ತೆಗೆದುಕೊಂಡು ಹೋಗಿ ಒಬ್ಬೊಬ್ಬರ ನಾಲಿಗೆಯ ಮೇಲೂ ಒಂದೊಂದು ಸಲ ಎಳೆಯೋಣ ಎನ್ನಿಸುತ್ತಿತ್ತು. ಆದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಯಾಕೆಂದರೆ ಆ ಬುಲ್ಡೋಜರ್‌ನ ಸ್ವಂತ ಅಕ್ಕ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತು ಬಟ್ಟೆಗಂಟು ತೂಗುತ್ತಿದ್ದಳು, ಎಲ್ಲ ಕೇಳಿಸಿಕೊಂಡೂ ತುಟಿ ಪಿಟಿಕ್ಕೆನ್ನುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ಅವಳ ವಿಷಯ. ತಮ್ಮನ ಫೋಟೊ ಊರಿನ ಅರ್ಧ ಗೋಡೆಗಳ ಮೇಲೆ ಇತ್ತು. ಅಕ್ಕನ ಬಗ್ಗೆ ಯಾರೂ ಒಂದು ಮಾತು ಬರೆದವರಲ್ಲ.

ನಮ್ಮದು ದೊಡ್ಡ ಲಾಂಡ್ರಿ. ಹೋಟೆಲು, ಆಸ್ಪತ್ರೆ, ಜಿಮ್ಮುಗಳಿಂದ ಚಾದರ, ಟವೆಲುಗಳು ಗಂಟುಗಟ್ಟಲೆ ಬರುತ್ತವೆ. ಒಗೆಯುವ ಕೂಲಿ ತೂಕದ ಲೆಕ್ಕದಲ್ಲಿ, ಬಂದದ್ದನ್ನು ತೂಗಿ ಒಳಗೆ ಬಿಡುವುದು ಅವಳ ಕೆಲಸ. ಅದಕ್ಕೇ ಅವಳಿಗೆ ತಕ್ಕಡಿಯಕ್ಕ ಎಂದು ಹೆಸರು ಬಿತ್ತು. ನಾನು ಇಸ್ತ್ರಿ ಮೇಜಿನವಳು, ನನ್ನ ಹೆಸರು ಬರೀ ಇಸ್ತ್ರಿ. ಅವಳ ತಕ್ಕಡಿ ಎಂದರೆ ನೆಲಕ್ಕೆ ಕೂರಿಸಿದ ಕಬ್ಬಿಣದ ಹಲಗೆ, ಪಕ್ಕದ ಕಂಬದ ಮೇಲೆ ಕೆಂಪು ಅಂಕಿ. ಖಾಲಿ ತಳ್ಳುಗಾಡಿಯನ್ನು ಹಲಗೆಯ ಮೇಲೆ ಹತ್ತಿಸಿ ಮೊದಲು ಸೊನ್ನೆಯ ಗುಂಡಿ ಒತ್ತಬೇಕು. ಆಗ ಗಾಡಿಯ ತೂಕ ಕಳೆದುಹೋಗಿ, ಆಮೇಲೆ ತುಂಬಿದ ಬಟ್ಟೆಯ ತೂಕ ಮಾತ್ರ ಕಾಣುತ್ತದೆ. ಗಾಡಿಯ ಅಡಿಗೆ ಬೂಟಿನ ತುದಿ ತೂರಿಸಿ ತೂಕ ಇಳಿಸಲು ನೋಡುವ ವ್ಯಾನ್ ಡ್ರೈವರ್‌ಗಳಿದ್ದರು. ಅವಳು ಬೈಯುತ್ತಿರಲಿಲ್ಲ, ಅವರ ಬೂಟನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅವರು ಕಾಲು ತೆಗೆಯುವವರೆಗೂ ನಿಲ್ಲುತ್ತಿದ್ದಳು. ಒಂದು ಸಲ ನಮ್ಮ ಯಜಮಾನರೇ ಹತ್ತಿರ ಬಂದು, ದೊಡ್ಡ ಹೋಟೆಲಿನ ಗಂಟು ತೂಗುವಾಗ ಸೊನ್ನೆ ಒಂಚೂರು ಹೆಚ್ಚುಕಮ್ಮಿ ಆದರೂ ಪರವಾಗಿಲ್ಲಮ್ಮ ಎಂದು ಹಲ್ಲುಕಿರಿದರು.

“ಹಾಗಿದ್ರೆ ಈ ಜಾಗಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಯಜಮಾನ್ರೇ,” ಎಂದಳು. ಯಜಮಾನರು ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ತಾಯಿ ತೀರಿಕೊಂಡಾಗ ಅವಳು ಇನ್ನೂ ಸ್ಕೂಲಿಗೆ ಹೋಗುವ ಹುಡುಗಿ. ತಮ್ಮನಿಗೆ ಚಡ್ಡಿ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಪ್ಪ ಇದ್ದರಂತೆ, ಇದ್ದರು ಅಷ್ಟೆ. ಪುಸ್ತಕದ ಚೀಲ ಇಟ್ಟು ಲಾಂಡ್ರಿಗೆ ಬಂದು ಸೇರಿದಳು. ತಮ್ಮನನ್ನು ಕಂಕುಳಲ್ಲಿ ಹೊತ್ತು ತಂದು, ಒಣಗಿದ ಚಾದರಗಳ ಗಾಡಿಯಲ್ಲಿ ಮಲಗಿಸಿ ಕೆಲಸ ಮಾಡುತ್ತಿದ್ದಳಂತೆ. ಅವನನ್ನು ಪುಟ್ಟ ಎಂದು ಕರೆಯುತ್ತಿದ್ದಳು. ಬಾಗಿಲಿನ ಚೌಕಟ್ಟಿಗೆ ತಲೆ ತಗುಲುವಷ್ಟು ಬೆಳೆದ ಮೇಲೂ ಅವನು ಪುಟ್ಟನೇ. ಮದುವೆಯ ಮಾತು ಬಂದಾಗಲೆಲ್ಲ, ಪುಟ್ಟ ಒಂದು ದಡ ಸೇರಲಿ ಎನ್ನುತ್ತಿದ್ದಳು. ಪುಟ್ಟ ದಡ ಸೇರುವ ಹೊತ್ತಿಗೆ ಕೇಳಲು ಬಂದಿದ್ದವರೆಲ್ಲ ಬೇರೆ ಬೇರೆ ದಡ ಸೇರಿಯಾಗಿತ್ತು.

ಅವನ ದಡವಾದರೂ ಎಂಥದ್ದು! ಜಿಮ್ಮಿಗೆ ಒಗೆದ ಟವೆಲ್ ಕೊಟ್ಟು ಬಾ ಎಂದು ಕಳಿಸಿದರೆ ಸಂಜೆಯಾದರೂ ಪತ್ತೆಯಿಲ್ಲ. ಹೋಗಿ ನೋಡಿದರೆ ಅಲ್ಲಿ ಯಾರದೋ ಕತ್ತು ಹಿಡಿದುಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದ, ಮುಖದ ತುಂಬ ನಗು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಎಂದರು. ಗುದ್ದು, ಒದೆ, ಕುಸ್ತಿ ಎಲ್ಲ ಸೇರಿಸಿ, ಸುತ್ತ ಜಾಲರಿ ಕಟ್ಟಿ, ಇಬ್ಬರನ್ನು ಒಳಗೆ ಬಿಟ್ಟು ಬಾಗಿಲು ಹಾಕುವ ಆಟ. ಇದೂ ಒಂದು ಆಟವಾ ಎಂದು ನಾನು ಕೇಳಿದ್ದೆ. “ಅವನಿಗೆ ಬೇರೆ ಏನೂ ಇಷ್ಟ ಆಗಲ್ಲ ಕಣೆ ಇಸ್ತ್ರಿ. ಇರೋದು ಇದೊಂದೇ,” ಎಂದಿದ್ದಳು. ಆ ಮಾತಿನಲ್ಲಿ ಹೆದರಿಕೆಯೂ ಇತ್ತು, ಹೆಮ್ಮೆಯೂ ಇತ್ತು.

ಚಾಂಪಿಯನ್ನನ ಬೆಲ್ಟಿಗಾಗಿ ನಡೆಯುವ ಫೈಟಿಗೆ ಟೈಟಲ್ ಫೈಟ್ ಎನ್ನುತ್ತಾರೆ. ಅವನ ಮೊದಲ ಟೈಟಲ್ ಫೈಟಿಗೆ ನಾನೂ ಅವಳ ಜೊತೆ ಹೋಗಿದ್ದೆ. ಕೊನೆಯ ಸುತ್ತಿನವರೆಗೂ ಚೆನ್ನಾಗೇ ಆಡಿದ. ಕೊನೆಯಲ್ಲಿ ಚಾಂಪಿಯನ್ ಅವನನ್ನು ಜಾಲರಿಗೆ ಒತ್ತಿ ಹಿಡಿದು ತಲೆಗೆ ಬಾರಿಸತೊಡಗಿದ. ಬಟ್ಟೆ ಒಗೆಯುವ ಕಲ್ಲಿಗೂ ಯಾರೂ ಹಾಗೆ ಬಡಿಯುವುದಿಲ್ಲ. ರೆಫ್ರಿ ನಡುವೆ ಬಂದು ನಿಲ್ಲಿಸುವಷ್ಟರಲ್ಲಿ ಅಕ್ಕನ ಉಗುರು ನನ್ನ ತೋಳಿನೊಳಗೆ ಇಳಿದಿತ್ತು. ಮಾರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ. ಜ್ವರ ಬಂದರೂ ರಜೆ ಹಾಕದವಳು! ಅದರ ಮಾರನೆಯ ದಿನ ಬಂದಾಗ ಪುಟ್ಟ ಹೇಗಿದ್ದಾನೆ ಎಂದು ಕೇಳಿದೆ. ಸುಸ್ತು, ಮಲಗಿದ್ದ ಎಂದಳು. ನಾನೂ ಹೆಚ್ಚು ಕೆದಕಲಿಲ್ಲ.

ಅಲ್ಲಿಂದ ಮುಂದೆ ಪುಟ್ಟ ಸೋಲಲಿಲ್ಲ. ಒಬ್ಬೊಬ್ಬರನ್ನೇ ಸೋಲಿಸಿಕೊಂಡು ಬಂದು, ಎರಡನೆಯ ಸಲ ಅದೇ ಚಾಂಪಿಯನ್ ಎದುರಿಗೆ ನಿಲ್ಲುವ ಅವಕಾಶ ಗಿಟ್ಟಿಸಿಕೊಂಡ. ನಾನು ಹೇಳಬೇಕಾದದ್ದು ಆ ಎರಡನೆಯ ಸಲದ ಕಥೆ.

ಈ ಆಟದಲ್ಲಿ ಹೊಡೆದಾಟಕ್ಕಿಂತ ಮೊದಲು ಇನ್ನೊಂದು ಹಿಂಸೆ ಇದೆ. ಫೈಟಿನ ಹಿಂದಿನ ದಿನ ಎಲ್ಲರೆದುರು ತೂಗುತ್ತಾರೆ, ಗೊತ್ತುಮಾಡಿದ ತೂಕಕ್ಕಿಂತ ಒಂದು ಗ್ರಾಂ ಹೆಚ್ಚಿರಬಾರದು. ಅದಕ್ಕಾಗಿ ಇವರು ಊಟ ಬಿಟ್ಟು, ನೀರು ಬಿಟ್ಟು, ಮೈಯಲ್ಲಿರುವ ಬೆವರನ್ನೆಲ್ಲ ಹಿಂಡಿ ತೆಗೆಯುತ್ತಾರೆ. ತೂಕ ಆದಮೇಲೆ ಕುಡಿದು ತಿಂದು ಮತ್ತೆ ಮನುಷ್ಯರಾಗುತ್ತಾರೆ. ಶ್ರೀಮಂತ ಜಿಮ್ಮುಗಳಲ್ಲಿ ಅದಕ್ಕೆ ಬಿಸಿ ಕೋಣೆ ಇರುತ್ತದಂತೆ. ಪುಟ್ಟನಿಗೆ ಇದ್ದದ್ದು ನಮ್ಮ ಲಾಂಡ್ರಿಯ ಡ್ರೈಯರ್ ಕೋಣೆ. ಎಲ್ಲ ಯಂತ್ರ ಒಟ್ಟಿಗೆ ಹಾಕಿದರೆ ಅಲ್ಲಿ ಗೋಡೆಯೂ ಬೆವರುತ್ತದೆ. ಯಜಮಾನರು ಅವನ ಅಭಿಮಾನಿ, ವಾರದ ರಜೆಯ ದಿನ ಬೀಗದಕೈ ಕೊಟ್ಟರು. ಹೊದಿಕೆಗಳನ್ನು ಸುತ್ತಿಕೊಂಡು ಅವನು ಒಳಗೆ ಕೂತ. ಗಾಜಿನ ಕಿಂಡಿಯಿಂದ ಅವನ ಜಿಮ್ಮಿನ ಕೋಚ್ ನೋಡುತ್ತಿದ್ದರು. ತೂಗುವ ಕೆಲಸ ಅಕ್ಕನದು. “ನಿಮ್ಮ ತಕ್ಕಡಿ ಮೇಲೆ ಬಂದ ಅಂಕಿಗೆ ನಾನು ಎರಡನೇ ಮಾತಾಡಲ್ಲ ಅಕ್ಕಾ,” ಎಂದಿದ್ದರು ಕೋಚ್. ನಾನು ಸುಮ್ಮನೆ ಜೊತೆಗಿರಲು ಹೋದವಳು.

ಸಂಜೆಯ ಹೊತ್ತಿಗೆ ಪುಟ್ಟನ ಕೆನ್ನೆ ಒಳಕ್ಕೆ ಹೋಗಿ, ತುಟಿ ಬಿರಿದು, ನಾಲಿಗೆ ಒಣ ಬಟ್ಟೆಯಾಗಿತ್ತು. ಕೊನೆಯ ಸಲ ತೂಗುವಾಗ ಕೋಚ್ ಫೋನ್ ಬಂತೆಂದು ಹೊರಗೆ ಹೋಗಿದ್ದರು. ಅಕ್ಕ ನನಗೆ, ಹೋಗಿ ಎಲ್ಲರಿಗೂ ಟೀ ತಗೊಂಡು ಬಾ ಎಂದಳು. ನಾನು ಟೀ ತರುವಾಗ ಪುಟ್ಟ ತಕ್ಕಡಿಯ ಮೇಲೆ ನಿಂತಿದ್ದ, ಕೋಚ್ ಅಂಕಿ ನೋಡಿ ಅವನ ಬೆನ್ನು ತಟ್ಟುತ್ತಿದ್ದರು. “ಸಾಕು ಸಾಕು! ಮಲಗಿ ಎದ್ದರೆ ಉಳಿದದ್ದು ತಾನಾಗೇ ಇಳಿಯತ್ತೆ,” ಎಂದು ಡ್ರೈಯರ್ ಆರಿಸಿಬಿಟ್ಟರು.

ಬೆಳಗ್ಗೆ ಎಲ್ಲರೆದುರು ತೂಗಿದಾಗ ಅವನ ತೂಕ ಹೆಚ್ಚಿತ್ತು. ಹೆಚ್ಚೆಂದರೆ ಎಷ್ಟು? ಒಂದು ಒದ್ದೆ ಕೈಟವೆಲಿನಷ್ಟು. ಇನ್ನೊಂದು ಗಂಟೆ ಸಮಯ ಕೊಟ್ಟರು. ಬಿಸಿನೀರಿನಲ್ಲಿ ಕೂರಿಸಿದರು, ಓಡಿಸಿದರು, ತಲೆ ಬೋಳಿಸಿದರು. ಮೈಯಲ್ಲಿ ಬೆವರು ಉಳಿದಿದ್ದರೆ ತಾನೆ ಬರುವುದು? ತೂಕ ತಪ್ಪಿದ ಎಂದು ಮೈಕಿನಲ್ಲಿ ಕೂಗಿದರು. ನಿಯಮ ಏನೆಂದರೆ ಎದುರಾಳಿ ಒಪ್ಪಿದರೆ ಫೈಟ್ ನಡೆಯುತ್ತದೆ, ಆದರೆ ತೂಕ ತಪ್ಪಿದವನಿಗೆ ಬೆಲ್ಟ್ ಸಿಗುವುದಿಲ್ಲ, ಗೆದ್ದರೂ ಸಿಗುವುದಿಲ್ಲ. ಚಾಂಪಿಯನ್ ಒಪ್ಪಿದ. ಫೈಟ್ ನಡೆಯಿತು. ನಮ್ಮ ಪುಟ್ಟ ಗೆದ್ದ.

ಹೌದು, ಗೆದ್ದ! ಎಲ್ಲ ಸುತ್ತೂ ಅವನದೇ. ಕೊನೆಗೆ ರೆಫ್ರಿ ಅವನ ಕೈ ಎತ್ತಿ ಹಿಡಿದರು, ಬೆಲ್ಟನ್ನು ಮಾತ್ರ ಸೋತವನ ಸೊಂಟಕ್ಕೇ ಕಟ್ಟಿ ಕಳಿಸಿದರು. ಇಂಥ ಅನ್ಯಾಯವನ್ನು ನಾನು ಎಲ್ಲೂ ಕಂಡಿಲ್ಲ. ಅಕ್ಕನ ಕಡೆ ತಿರುಗಿದೆ, ಬಿಳಿಚಿಕೊಂಡ ಮುಖದ ಮೇಲೆ ಕಣ್ಣೀರು ಇಳಿಯುತ್ತಿತ್ತು. ತಮ್ಮ ಗೆದ್ದದ್ದಕ್ಕೆ ಖುಷಿಯ ಅಳು ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ.

ಮೈಕ್ ಕೊಟ್ಟಾಗ ಪುಟ್ಟ ಎಲ್ಲರೆದುರು ಕೈಮುಗಿದ. “ತೂಕ ತಪ್ಪಿದ್ದು ನನ್ನ ತಪ್ಪು. ಕೋಚ್ ತಪ್ಪಲ್ಲ, ನಮ್ಮ ಅಕ್ಕನ ತಪ್ಪಂತೂ ಅಲ್ವೇ ಅಲ್ಲ. ಹಿಂದಿನ ದಿನ ಅಕ್ಕನ ತಕ್ಕಡೀಲಿ ಸರಿಯಾಗಿತ್ತು. ಆಮೇಲೆ ಹಲ್ಲುಜ್ಜುವಾಗ ನೀರು ಕುಡಿದುಬಿಟ್ಟೆ. ಕ್ಷಮಿಸಿ,” ಎಂದ. ಆ ಮಾತು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮಾರನೆಯ ದಿನದಿಂದ ಟೀ ಅಂಗಡಿಯ ನ್ಯಾಯಾಧೀಶರ ಬಾಯಲ್ಲೆಲ್ಲ ಅದೇ. ಹಲ್ಲುಜ್ಜಲು ಬಾರದ ಚಾಂಪಿಯನ್ ಎಂದು ನಕ್ಕರು. ಪುಟ್ಟ ಲಾಂಡ್ರಿಯ ಕಡೆ ಬರುವುದನ್ನೇ ಬಿಟ್ಟ. ಮನೆಯಲ್ಲೂ ನೀರಿನ ಲೋಟ ಎತ್ತುವ ಮೊದಲು ಅದನ್ನೇ ನೋಡುತ್ತ ಕೂರುತ್ತಾನೆ ಎಂದು ಅಕ್ಕ ಹೇಳಿದಳು.

ಅವಳೂ ಮೊದಲಿನಂತಿರಲಿಲ್ಲ. ಒಂದೇ ಗಂಟನ್ನು ಮತ್ತೆ ಮತ್ತೆ ತೂಗುವಳು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚುವಳು. ಡ್ರೈವರ್ ಒಬ್ಬ ಗಾಡಿಯ ಅಡಿಗೆ ಬೂಟು ತೂರಿಸಿದಾಗ ನೋಡಿಯೂ ನೋಡದವಳಂತೆ ಸುಮ್ಮನಿದ್ದಳು. ಅಂದು ನನಗೆ ತಡೆಯಲಾಗಲಿಲ್ಲ. ಇಸ್ತ್ರಿ ಮೇಜಿನ ಹತ್ತಿರ ಎಳೆದುಕೊಂಡು ಬಂದು ಕೂರಿಸಿದೆ.

“ಏನಾಗಿದೆ ನಿನಗೆ? ತಮ್ಮ ಸತ್ತಿದ್ದಾನಾ? ಗೆದ್ದಿದ್ದಾನೆ. ಬೆಲ್ಟ್ ಇವತ್ತಲ್ಲ ನಾಳೆ ಬರತ್ತೆ. ಹೀಗೆ ಮುಖ ಇಳಿಬಿಟ್ಕೊಂಡು ಓಡಾಡಿದ್ರೆ ನಾನೇನು ತಿಳ್ಕೋಬೇಕು?”

“ಅವನು ನೀರು ಕುಡಿದಿದ್ದಕ್ಕೆ ತೂಕ ತಪ್ಪಲಿಲ್ಲ ಕಣೆ,” ಎಂದಳು. “ನಾನು ತಪ್ಪಿಸಿದ್ದು.”

ಆಮೇಲೆ ಒಂದೊಂದಾಗಿ ಹೇಳಿದಳು. ಬರಿಗಾಲಲ್ಲಿ ಕಬ್ಬಿಣ ಸುಡುತ್ತದೆಂದು ಹಲಗೆಯ ಮೇಲೆ ಒಂದು ಟವೆಲ್ ಹಾಸಿ, ಅದರ ತೂಕ ಕಳೆಯಲು ಸೊನ್ನೆ ಒತ್ತಿ, ಆಮೇಲೆ ಪುಟ್ಟನನ್ನು ನಿಲ್ಲಿಸುವುದು ಅಂದಿನ ಪದ್ಧತಿಯಾಗಿತ್ತು. ಕೊನೆಯ ಸಲ ನಾನು ಟೀಗೆ ಹೋದಾಗ ಅವಳು ಒಣ ಟವೆಲಿನ ಮೇಲೆ ಇನ್ನೊಂದು ಒದ್ದೆ ಟವೆಲ್ ಇಟ್ಟು ಸೊನ್ನೆ ಒತ್ತಿದಳು. ಒತ್ತಿದ ಮೇಲೆ ಒದ್ದೆಯದನ್ನು ತೆಗೆದು ಬಕೆಟ್ಟಿಗೆ ಹಾಕಿದಳು. ಅಷ್ಟೇ. ಆ ಟವೆಲಿನ ತೂಕ ಪುಟ್ಟನ ತೂಕದಲ್ಲಿ ಕಮ್ಮಿಯಾಗಿ ಕಾಣಿಸಿತು. ಅವನಿಗೆ ಕಣ್ಣು ಬಿಡುವ ಶಕ್ತಿಯೂ ಇರಲಿಲ್ಲ, ಅವನು ನೋಡಲಿಲ್ಲ. ಕೋಚ್ ಒಳಗೆ ಬಂದಾಗ ಅಂಕಿ ಮಾತ್ರ ಇತ್ತು. ಸರಿಯಾದ ತೂಕ ಕಂಡಿದ್ದರೆ ಇನ್ನೂ ಸ್ವಲ್ಪ ಹೊತ್ತು ಡ್ರೈಯರ್ ಕೋಣೆಯಲ್ಲಿ ಕೂರಿಸಿ ಇಳಿಸಿಬಿಡುತ್ತಿದ್ದರು.

ಯಜಮಾನರಿಗೇ ಸೊನ್ನೆ ತಪ್ಪಿಸಿಕೊಡದವಳು ಸ್ವಂತ ತಮ್ಮನಿಗೆ ತಪ್ಪಿಸಿದಳಲ್ಲ!

“ಥೂ! ನಿನಗೇನು ಬಂದಿತ್ತೇ ದೊಡ್ಡ ರೋಗ?” ಎಂದು ಗದರಿದೆ.

“ತೂಕ ತಪ್ಪಿದ್ರೆ ಮನೆಗೆ ಕಳಿಸ್ತಾರೆ ಅಂದ್ಕೊಂಡಿದ್ದೆ,” ಎಂದಳು. “ಫೈಟೇ ನಡೆಯಲ್ಲ ಅಂದ್ಕೊಂಡೆ. ಬೆಲ್ಟ್ ಮಾತ್ರ ಕಿತ್ಕೊಂಡು ಫೈಟ್ ನಡೆಸ್ತಾರೆ ಅಂತ ನನಗೇನು ಗೊತ್ತು? ಅವನು ಏಟೂ ತಿಂದ, ಬೆಲ್ಟೂ ಹೋಯ್ತು, ಈಗ ತಪ್ಪೂ ಅವನದೇ ಅಂತ ತಲೆ ಮೇಲೆ ಹೊತ್ಕೊಂಡಿದ್ದಾನೆ. ನಾನು ಪಾಪಿ ಕಣೆ.”

“ಹೋಗಿ ಹೇಳಿಬಿಡು.”

“ಹೇಳಿದ್ರೆ ಇನ್ನೊಂದು ಫೈಟ್ ಕೊಡ್ತಾರೆ. ಅವನು ತೂಕ ಇಳಿಸ್ತಾನೋ ಇಲ್ವೋ ಅನ್ನೋ ಅನುಮಾನಕ್ಕೆ ತಾನೆ ಕೊಡದೇ ಇರೋದು?” ಎಂದು ಮುಖ ಮುಚ್ಚಿಕೊಂಡಳು. “ಹೇಳದಿದ್ರೆ ಅವನು ಸಾಯೋವರೆಗೂ ತನ್ನನ್ನೇ ಬೈಕೊಳ್ತಾನೆ. ಹೇಳಿದ್ರೆ ಮತ್ತೆ ಆ ಜಾಲರಿ ಒಳಗೆ ಹೋಗ್ತಾನೆ. ಯಾವುದು ಮಾಡ್ಲಿ, ನೀನೇ ಹೇಳು.”

ನಾನು ಹಿಂದುಮುಂದು ನೋಡದೆ ಹೇಳಿದೆ. ಬಾಯಿಗೆ ಬಂದದ್ದನ್ನು ಆಡಿಬಿಡುವುದು ನನ್ನ ಹುಟ್ಟುಗುಣ. ಗೆದ್ದವನ ಹೆಸರು ಕೆಡಿಸಿ ಕೂತಿದ್ದೀಯಲ್ಲ, ನಿನಗೆ ಅನ್ನ ಹೇಗೆ ಇಳಿಯತ್ತೆ ಎಂದೆ. ಅವನ ಬದುಕು ಅವನದು, ಏಟು ತಿಂದರೆ ಅವನು ತಿನ್ನುತ್ತಾನೆ, ನೀನ್ಯಾರು ತಡೆಯೋಕೆ ಎಂದೂ ಎಂದೆ. ದಿನಾ ಅದೇ ಮಾತು ಹೇಳಿ ಅವಳ ತಲೆ ತಿಂದೆ. ಆಗ ನನಗೆ ಅರ್ಧ ಸಂಗತಿ ಮಾತ್ರ ಗೊತ್ತಿತ್ತು. ಗೊತ್ತಿದ್ದದ್ದೇ ಪೂರ್ತಿ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಸಂಘಟಕರು ಜಿಮ್ಮಿಗೆ ಬರುತ್ತಾರೆಂದು ಸುದ್ದಿ ಬಂತು. ಫೈಟುಗಳನ್ನು ಗೊತ್ತುಮಾಡುವವರು ಅವರೇ. ಮೂರನೆಯ ಅವಕಾಶ ಕೊಡುವುದೋ ಬಿಡುವುದೋ ಎಂದು ಅಂದೇ ತೀರ್ಮಾನ. ಜಿಮ್ಮಿನ ಟವೆಲ್ ಕೊಡುವ ದಿನವೂ ಅದೇ ಆಗಿತ್ತು. ಬೇರೆ ಯಾರಾದರೂ ಕೊಟ್ಟು ಬರಬಹುದಿತ್ತು. ಅಕ್ಕ ತಾನೇ ಗಂಟು ಎತ್ತಿ ಸೊಂಟಕ್ಕೆ ಇಟ್ಟುಕೊಂಡು, “ಬಾ, ಇಸ್ತ್ರಿ,” ಎಂದಳು.

ಒಳಗೆ ಬೆವರಿನ ವಾಸನೆ, ರಬ್ಬರಿನ ವಾಸನೆ. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಸಂಘಟಕರು ಕೂತಿದ್ದರು, ಎರಡು ಮೊಬೈಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಕೋಚ್ ನಿಂತಿದ್ದರು. ಪುಟ್ಟ ನೆಲದ ಚಾಪೆಯ ಮೇಲೆ ಮಂಡಿ ಮಡಿಸಿ ಕೂತಿದ್ದ. ನಾವು ಟವೆಲ್ಲಿನ ಕಪಾಟಿನ ಹತ್ತಿರ ನಿಂತೆವು.

“ಚಾಂಪಿಯನ್ನನ್ನ ಹೊಡೆದಿದ್ದಾನೆ, ಅದನ್ನ ನಾನು ಇಲ್ಲ ಅಂತಿಲ್ಲ,” ಎನ್ನುತ್ತಿದ್ದರು ಸಂಘಟಕರು. “ಆದ್ರೆ ಟಿಕೆಟ್ ತಗೊಂಡು ಬಂದ ಜನಕ್ಕೆ ಟೈಟಲ್ ಫೈಟ್ ಅಂತ ಹೇಳಿ ಟೈಟಲ್ ಇಲ್ಲದ ಫೈಟ್ ತೋರಿಸಿದ್ದೀವಿ. ಮತ್ತೆ ತೂಕ ತಪ್ಪಲ್ಲ ಅಂತ ಯಾರು ಗ್ಯಾರಂಟಿ ಕೊಡ್ತೀರಿ?”

“ನಾನು ಕೊಡ್ತೀನಿ,” ಎಂದರು ಕೋಚ್.

“ಬೇಡ ಕೋಚ್,” ಎಂದ ಪುಟ್ಟ. ತಲೆ ಎತ್ತಲಿಲ್ಲ. “ಸರ್, ಅವರು ಯಾಕೆ ಕೊಡಬೇಕು? ಬಾಯಿಗೆ ಬಂದ ನೀರನ್ನ ಉಗುಳೋಕೆ ಮನಸ್ಸು ಬರದೇ ನುಂಗಿದವನು ನಾನು. ಅಷ್ಟೂ ಕಟ್ಟಕ್ಕಾಗದವನಿಗೆ ಇನ್ನೊಂದು ಚಾನ್ಸ್ ಯಾಕೆ? ನನ್ನ ಹಿಂದೆ ಎಷ್ಟೋ ಜನ ಕಾಯ್ತಿದ್ದಾರೆ. ಅವರಿಗೆ ಕೊಡಿ.”

ಗಂಟು ಕೆಳಗೆ ಬಿದ್ದ ಸದ್ದಾಯಿತು. ಅಕ್ಕ ಮುಂದೆ ಹೋಗಿ ನಿಂತಿದ್ದಳು.

“ಅವನ ತಪ್ಪಿಲ್ಲ ಸರ್. ತಕ್ಕಡಿ ತಪ್ಪಿಸಿದ್ದು ನಾನು,” ಎಂದಳು. ಒದ್ದೆ ಟವೆಲ್, ಸೊನ್ನೆ, ಬಕೆಟ್ಟು, ಒಂದನ್ನೂ ಬಿಡದೆ ಹೇಳಿದಳು. ನನಗೆ ಹೇಳುವಾಗ ಅತ್ತಿದ್ದವಳು ಅಲ್ಲಿ ಅಳಲಿಲ್ಲ.

ಸಂಘಟಕರು ಮೊದಲು ಅವಳನ್ನು ಕೆಕ್ಕರಿಸಿಕೊಂಡು ನೋಡಿದರು, ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು. “ಅಯ್ಯೋ, ಹಾಗಿದ್ರೆ ಇವನು ತೂಕ ಇಳಿಸಬಲ್ಲ! ತಕ್ಕಡಿ ಸರಿ ಇದ್ದಿದ್ರೆ ಅವತ್ತೇ ಬೆಲ್ಟ್ ಇವನದು!” ಎಂದು ಎದ್ದೇ ನಿಂತರು. “ಅಕ್ಕ ಹೆದರಿ ಮಾಡಿದ ಕೆಲಸ ಅಂದ್ರೆ ಜನ ಕಣ್ಣೀರು ಹಾಕ್ತಾರೆ ರೀ. ಮುಗೀತು, ಮುಂದಿನ ಟೈಟಲ್ ಫೈಟ್ ಇವನದೇ. ಇವನಿಗಲ್ಲದೆ ಇನ್ಯಾರಿಗೆ?”

ಕೋಚ್ ಪುಟ್ಟನ ಭುಜ ಹಿಡಿದು ಅಲ್ಲಾಡಿಸಿದರು. ನಾನಂತೂ ಚಪ್ಪಾಳೆ ಹೊಡೆಯುವುದೊಂದು ಬಾಕಿ. ಅಕ್ಕ ಮಾತ್ರ ಎರಡೂ ಕೈಯಿಂದ ಸೆರಗು ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅವಳು ಬಯಸಿ ಬಂದದ್ದೂ ಇದನ್ನೇ, ಹೆದರಿದ್ದೂ ಇದಕ್ಕೇ.

ಪುಟ್ಟ ಎದ್ದು ಅವಳ ಹತ್ತಿರ ಬಂದ. ಖುಷಿಯಾದವನಂತೆ ಕಾಣಲಿಲ್ಲ.

“ಯಾಕಕ್ಕ?”

“ಭಯ ಆಯ್ತು ಕಣೋ.”

“ನಾನು ಮೊದಲ ಸಲ ಏಟು ತಿಂದು ಬಂದಾಗಿಂದ ನಿನಗೆ ಭಯ. ಆದ್ರೂ ಒಂದು ದಿನ ಬೇಡ ಅನ್ನಲಿಲ್ಲ. ಕೈಗೆ ನೀನೇ ಎಣ್ಣೆ ತಿಕ್ಕಿ ಕಳಿಸ್ತಿದ್ದೆ. ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ತಕ್ಕಡಿ ಮುಟ್ಟೋವಷ್ಟು ಏನಾಯ್ತು ನಿನಗೆ?”

ಅವಳು ಸುಳ್ಳು ಹೇಳಬಹುದಿತ್ತು. ಸುಮ್ಮನೆ ಭಯ, ಹೆಣ್ಣು ಬುದ್ಧಿ, ಏನೋ ಒಂದು. ಸಂಘಟಕರು ಆಗಲೇ ಒಂದು ಮೊಬೈಲನ್ನು ಕಿವಿಗೆ ಹಿಡಿದಿದ್ದರು. ಅವಳು ನನ್ನ ಕಡೆ ನೋಡಿದಳು. ಹೇಳಿಬಿಡು ಎಂದು ಇಷ್ಟು ದಿನ ಪೀಡಿಸಿದವಳು ನಾನೇ ತಾನೆ. ಆಗಲೂ ಹೂಂ ಎಂದು ತಲೆಯಾಡಿಸಿದೆ.

“ಮೊದಲ ಟೈಟಲ್ ಫೈಟ್ ಆಯ್ತಲ್ಲ, ಮಾರನೇ ದಿನ ನೀನು ನನ್ನನ್ನ ಅಮ್ಮ ಅಂದೆ,” ಎಂದಳು.

“ಏನು ಹಾಗಂದ್ರೆ?”

“ಬೆಳಗ್ಗೆ ಎದ್ದು ಅಮ್ಮಾ ಅಂತ ಕೂಗಿದೆ. ನಿದ್ದೆಗಣ್ಣು ಅಂದ್ಕೊಂಡೆ. ಊಟಕ್ಕೆ ಕೂತಾಗಲೂ ಅಮ್ಮ ಅಂದೆ. ಅಕ್ಕ ಇನ್ನೂ ಸ್ಕೂಲಿಂದ ಬಂದಿಲ್ವಾ ಅಂತ ನನ್ನನ್ನೇ ಕೇಳಿದೆ. ಬೆಳಕಿರೋವರೆಗೂ ಹಾಗೇ ಇದ್ದೆ. ಆಮೇಲೆ ಒಂದು ನಿದ್ದೆ ಮಾಡಿ ಎದ್ದೆ, ಸರಿಹೋಯ್ತು. ನಿನಗೇನೂ ನೆನಪಿರಲಿಲ್ಲ.”

ಸಂಘಟಕರು ಮೊಬೈಲನ್ನು ಕಿವಿಯಿಂದ ಇಳಿಸಿದರು.

“ಅಕ್ಕಾ, ಅವತ್ತು ನಾನು ಫೋನ್ ಮಾಡಿದಾಗ ಬರೀ ಸುಸ್ತು ಅಂದ್ರಲ್ಲ!” ಎಂದರು ಕೋಚ್.

“ಹೇಳಿದ್ರೆ ಇವನನ್ನ ಮತ್ತೆ ಒಳಗೆ ಬಿಡ್ತಿದ್ರಾ?”

“ಇಲ್ಲ.”

“ಅದಕ್ಕೇ ಹೇಳಲಿಲ್ಲ. ಇವನಿಗೆ ಇರೋದು ಇದೊಂದೇ. ಅದನ್ನ ನನ್ನ ಕೈಯಾರೆ ಕಿತ್ಕೊಳ್ಳೋಕೆ ಆಗಲಿಲ್ಲ. ಮತ್ತೆ ಅದೇ ಚಾಂಪಿಯನ್ ಅಂದಾಗ, ಒಳಗೆ ಬಿಡೋಕೂ ಆಗಲಿಲ್ಲ.”

ಸಂಘಟಕರು ಕೆಟ್ಟವರಲ್ಲ. ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಮೆತ್ತಗೆ ಮಾತಾಡಿದರು. “ನೋಡಿ ಅಕ್ಕ, ಇವನಿಗೆ ಯೋಗ್ಯತೆ ಇದೆ. ಇನ್ನು ಮೇಲೆ ಅದನ್ನ ಯಾರೂ ಕೇಳೋ ಹಾಗಿಲ್ಲ. ಆದ್ರೆ ಇದು ನನ್ನ ಕಿವಿಗೆ ಬಿದ್ದ ಮೇಲೆ ಫೈಟ್ ಕೊಟ್ರೆ ನಾನು ಮನುಷ್ಯನೇ ಅಲ್ಲ. ತಲೆ ಡಾಕ್ಟರಿಗೆ ತೋರಿಸಿ. ಅವರು ಬೇಡ ಅಂದ್ರೆ ಬೇಡ.”

ಡಾಕ್ಟರು ಬೇಡ ಎಂದೇ ಹೇಳಿದರು. ಸಣ್ಣ ಪುಟ್ಟ ಫೈಟು ಕೂಡ ಬೇಡ, ತಲೆಗೆ ಇನ್ನೊಂದು ಪೆಟ್ಟೂ ಬೇಡ ಎಂದರು. ಮೂರನೆಯ ಅವಕಾಶ ಬೇರೆ ಯಾರಿಗೋ ಹೋಯಿತು. ಟೀ ಅಂಗಡಿಯವರು ಆಮೇಲೆ ಬುಲ್ಡೋಜರ್ ಹೆದರಿ ಹಿಂದೆ ಸರಿದ ಎಂದು ಹೊಸ ತೀರ್ಪು ಬರೆದರು. ಒಂದು ದಿನ ನಾನು ರಸ್ತೆ ದಾಟಿ ಹೋಗಿ ಅವರಿಗೆ ಕೊಡಬೇಕಾದ್ದನ್ನು ಕೊಟ್ಟು ಬಂದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಇದೆಲ್ಲ ಆಮೇಲಿನ ಮಾತು.

ಅಂದು ಸಂಘಟಕರೂ ಕೋಚೂ ಮಾತಾಡಿಕೊಳ್ಳುತ್ತ ಹೊರಗೆ ಹೋದರು. ನನಗೂ ಹೋಗಬೇಕೆನ್ನಿಸಿತು, ಆದರೆ ಬಿದ್ದಿದ್ದ ಟವೆಲುಗಳನ್ನು ಆಯ್ದುಕೊಳ್ಳುತ್ತ ಅಲ್ಲೇ ಉಳಿದೆ. ಅಕ್ಕ ಚಾಪೆಯ ಅಂಚಿಗೆ ಕುಸಿದು ಕೂತಳು.

“ಬೈಯೋ ಪುಟ್ಟ,” ಎಂದಳು. “ಎರಡು ಸಲ ನಿನಗೆ ಮೋಸ ಮಾಡಿದೆ. ಒಂದು ಸಲ ಬಾಯಿ ಮುಚ್ಚಿಕೊಂಡು, ಒಂದು ಸಲ ತಕ್ಕಡಿ ತಪ್ಪಿಸಿ. ಇವತ್ತು ನಿನ್ನ ಹೆಸರು ಉಳಿಸೋಣ ಅಂತ ಬಂದು ಇದ್ದದ್ದನ್ನೂ ಕಳೆದೆ. ಏನಾದ್ರೂ ಅನ್ನೋ.”

ಅವನು ಅವಳ ಎದುರಿಗೆ ಕೂತ. ಬೈಯುತ್ತಾನೆ ಎಂದೇ ನಾನು ಕಾದೆ. ಬೈದಿದ್ದರೆ ನನಗೂ ಸ್ವಲ್ಪ ಹಗುರವಾಗುತ್ತಿತ್ತು.

“ಅವತ್ತು ನಾನು ಅಮ್ಮಾ ಅಂತ ಕರೆದಾಗ ನೀನು ಏನಂದೆ?” ಎಂದು ಕೇಳಿದ.

“ಓ ಅಂದೆ.”

ಅವನು ಇನ್ನೂ ಹತ್ತಿರ ಸರಿದು ಕೂತ.

“ಎಷ್ಟು ಸಲ?”

“ನೀನು ಕರೆದಷ್ಟು ಸಲಾನೂ,” ಎಂದಳು.